ಉದ್ದ ಒಂದು, ಗಿಡ್ಡ ಒಂದು

ಮಧುಗಿರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಓಬಳರಾಜು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಾನೆ. ಅದು ಹೊಟ್ಟೆಪಾಡು. ಪ್ರಾಣ ಇಟ್ಟಿರುವುದು ಮಾತ್ರ ರಿಮೋಟಿನಲ್ಲಿ ಹಾರುವ ಪುಟ್ಟ ವಿಮಾನಗಳ ಮೇಲೆ. ಗಡ್ಡ ನರೆತ ಗಂಡಸರಿಗೆ ಇದೆಂಥ ಹುಡುಗಾಟ ಎಂದು ನಗುವವರು ಒಂದು ಭಾನುವಾರ ಕಳ್ಳಂಬೆಳ್ಳದ ಕೆರೆ ಬಯಲಿಗೆ ಹೋಗಿ ನೋಡಬೇಕು. ಪಾವಗಡದಿಂದ, ಶಿರಾದಿಂದ, ಹೊಳವನಹಳ್ಳಿಯಿಂದ ಬಂದವರು ಬಾಯಿ ತೆರೆದುಕೊಂಡು ಆಕಾಶ ನೋಡುತ್ತ ನಿಂತಿರುತ್ತಾರೆ. ಹೆಂಡತಿ ಫೋನ್ ಮಾಡಿದರೂ ಎತ್ತುವುದಿಲ್ಲ.

ಈ ವಿಮಾನಗಳ ಹೊಟ್ಟೆಯಲ್ಲಿ ಬೆಂಕಿಪೊಟ್ಟಣದಷ್ಟಿರುವ ಸ್ಪೀಡ್ ಕಂಟ್ರೋಲರ್ ಕೂತಿರುತ್ತದೆ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಎಷ್ಟು, ಯಾವ ಗಳಿಗೆಗೆ ಬಿಡಬೇಕು ಎಂದು ತೀರ್ಮಾನಿಸುವುದು ಅದೇ. ಅದರ ಹದ ತಿದ್ದಲು ಗುಂಡಿಯೂ ಇಲ್ಲ, ಪರದೆಯೂ ಇಲ್ಲ. ರಿಮೋಟಿನ ಕಡ್ಡಿಯನ್ನು ಮೇಲಕ್ಕೆ ಒತ್ತಿ ಹಿಡಿದು ಬ್ಯಾಟರಿ ಸಿಕ್ಕಿಸಿದರೆ ಮೋಟಾರಿನ ಸುರುಳಿಯೇ ನಡುಗಿ ಸಣ್ಣಗೆ ಕೂಗತೊಡಗುತ್ತದೆ. ಬೇಕಾದ ಕೂಗು ಬಂದ ಕೂಡಲೇ ಕಡ್ಡಿಯನ್ನು ಕೆಳಗೆಳೆಯಬೇಕು. ಉದ್ದ ಒಂದು, ಗಿಡ್ಡ ಒಂದು ಕೂಗಿದಾಗ ಎಳೆದರೆ ಮೋಟಾರಿನ ಓಟ ತಿದ್ದಬಹುದು. ಉದ್ದ ಒಂದು, ಗಿಡ್ಡ ಎರಡು ಕೂಗಿದಾಗ ಎಳೆದರೆ ಅಲ್ಲಿಯವರೆಗೆ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ.

ಇದರಲ್ಲಿ ಓಬಳರಾಜು ಎತ್ತಿದ ಕೈ. ತಿದ್ದಿ, ಓಡಿಸಿ, ತಲೆ ವಾಲಿಸಿ ಕೇಳಿ, "ಇನ್ನೂ ಗೊಣಗ್ತೈತೆ ಕಣ್ಲಾ" ಎಂದು ಮತ್ತೆ ಬಿಚ್ಚುತ್ತಿದ್ದ. ಜನ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಇಟ್ಟ ಹೆಸರಿಗಿಂತ ಆ ಹೆಸರೇ ಅವನಿಗೆ ಇಷ್ಟ.

ಆ ಕಿವಿಯೇ ಕೈಕೊಟ್ಟಿತು. ಪ್ರಾಯದಲ್ಲಿ ಬೋರ್‌ವೆಲ್ ಲಾರಿ ಹತ್ತಿ ಪಾವಗಡ ಸೀಮೆಯ ಬಂಡೆಗಳನ್ನೆಲ್ಲ ಕೊರೆದವನು ಅವನು. ಗರ್ಜಿಸುವ ಕಂಪ್ರೆಸರ್ ಪಕ್ಕದಲ್ಲೇ ಊಟ, ಪಕ್ಕದಲ್ಲೇ ನಿದ್ದೆ. ಅದು ಆಗಲೇ ಕಿವಿಯನ್ನು ಒಳಗೊಳಗೇ ತಿಂದಿದ್ದು ಈಗ ಗೊತ್ತಾಯಿತು. ಮೊದಲು ಜೀರುಂಡೆ ಹೋಯಿತು, ಆಮೇಲೆ ಕುಕ್ಕರಿನ ಸೀಟಿ.

"ಕೂಗಿ ಕೂಗಿ ಅನ್ನ ಸೀದೋಯ್ತು, ಪಕ್ಕದಾಗೇ ಕುಂತಿದ್ದೀಯ! ಕೋಣನ ಮುಂದೆ ಕಿನ್ನರಿ ಬಾರಿಸ್ದಂಗಾಯ್ತು" ಎಂದು ಹೆಂಡತಿ ಗಂಗಲಕ್ಷ್ಮಿ ಬೈದಳು. ಅವನು ನಕ್ಕ. ಮಾರನೆಯ ದಿನ ಯಾರಿಗೂ ಹೇಳದೆ ತುಮಕೂರಿಗೆ ಹೋದ. ನರ ಸತ್ತಿದೆ, ಮೆಷಿನ್ ಹಾಕಿದರೆ ಮಾತು ಕೇಳೀತು, ಸಣ್ಣ ಸದ್ದು ಮರಳುವುದಿಲ್ಲ ಎಂದರು ಡಾಕ್ಟರು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತ. ಹೆಂಡತಿಯ ಹತ್ತಿರವೂ ಬಾಯಿ ಬಿಡಲಿಲ್ಲ.

ಅಂದಿನಿಂದ ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಮೋಟಾರಿಗೆ ತಾಗಿಸಿ ಕೇಳುವ ಅಭ್ಯಾಸ ಶುರುವಾಯಿತು. ಸದ್ದು ದವಡೆಯ ಮೂಳೆಯಿಂದ ಮಸುಕಾಗಿಯಾದರೂ ಬರುತ್ತಿತ್ತು. ಇದೇನೋ ದೊಡ್ಡ ವಿದ್ಯೆ ಎಂದುಕೊಂಡು ಹೊಳವನಹಳ್ಳಿಯ ರೇಣುಕಯ್ಯ ತಾನೂ ಒಂದು ಸ್ಕ್ರೂಡ್ರೈವರ್ ಕಚ್ಚಿ ಹಲ್ಲು ಚಕ್ಕೆ ಮಾಡಿಕೊಂಡ. ಪರದೆಯಲ್ಲಿ ಎಲ್ಲ ತೋರಿಸುವ ಕಾರ್ಡ್ ಈಗ ಸಿಗುತ್ತದಂತೆ, ಕೂಗು ಎಣಿಸೋದೇ ಬೇಡವಂತೆ ಎಂದು ಅದೇ ರೇಣುಕಯ್ಯ ಹೇಳಿದಾಗ ಓಬಳರಾಜು ಉರಿದುಬಿದ್ದ.

"ಕಣ್ಣಾಗೆ ಕೇಳ್ತೀಯೇನ್ಲಾ? ಓಗಿ ತಗೋ, ಓಗು!"

ಅಹಂಕಾರವೇ ಅಂದರೆ ಹೌದು. ಆದರೆ ಕಿವಿಯಣ್ಣನಿಂದ ಕಿವಿ ಕಳೆದರೆ ಇನ್ನೇನು ಉಳಿಯುತ್ತದೆ? ಆ ಭಯ ಅವನನ್ನು ಹಗಲೂ ಇರುಳೂ ಹಿಂಡುತ್ತಿತ್ತು.

ಪಾವಗಡದ ಸೋಲಾರ್ ಪ್ಲಾಂಟಿನಲ್ಲಿ ಕೆಲಸ ಮಾಡುವ ಶಿವರಾಜು ಒಂದು ಬೇಸಿಗೆ ಪೂರ್ತಿ ಕೂತು ಗರುಡನ ಆಕಾರದ ವಿಮಾನ ಮಾಡಿದ. ರೆಕ್ಕೆಗೆ ಹೊದಿಸಲು ಅವನ ಹೆಂಡತಿ ಅನಸೂಯ ತನ್ನ ಧಾರೆ ಸೀರೆಯ ಸೆರಗನ್ನೇ ಕತ್ತರಿಸಿ ಕೊಟ್ಟಿದ್ದಳು.

"ಏಮೈನಾ ಸರೇ ಅಣ್ಣಾ, ಏನಾದ್ರೂ ಆಗ್ಲಿ, ಇದನ್ನ ನೀವೇ ಹದ ಮಾಡ್ಬೇಕು" ಎಂದು ತಂದಿಟ್ಟ.

ಓಬಳರಾಜು ಸ್ಕ್ರೂಡ್ರೈವರ್ ಕಚ್ಚಿ, ಕಣ್ಣು ಮುಚ್ಚಿ ಕೇಳಿದ. ಒಂದು ಉದ್ದ ಬಂತು. ಹಿಂದೆಯೇ ಏನೋ ಒಂದು ಗಿಡ್ಡ. ಕಡ್ಡಿ ಎಳೆದ. ಮೋಟಾರನ್ನು ಮೆಲ್ಲಗೆ ಓಡಿಸಿ ನೋಡಿದರೆ ಚೆನ್ನಾಗಿಯೇ ಓಡಿತು.

ಭಾನುವಾರ ಗರುಡ ಮೇಲೆದ್ದಿತು. ಬಿಸಿಲಿಗೆ ಸೆರಗಿನ ಜರಿ ಮಿಂಚಿತು, ಅನಸೂಯ ಚಪ್ಪಾಳೆ ತಟ್ಟಿದಳು. ಶಿವರಾಜು ಪೂರ್ತಿ ವೇಗ ಕೊಟ್ಟು ಮೂತಿಯನ್ನು ಮೇಲಕ್ಕೆತ್ತಿದ. ಓಬಳರಾಜು ಪಕ್ಕದವರ ಮುಖ ನೋಡುತ್ತಿದ್ದ. ಎಲ್ಲರ ಮುಖವೂ ಒಟ್ಟಿಗೇ ಕಪ್ಪಿಟ್ಟಿತು. ಮೋಟಾರು ಬಿಕ್ಕಿದ್ದು ಅವರಿಗೆ ಕೇಳಿಸಿತ್ತು, ಅವನಿಗೆ ಕೇಳಿಸಿರಲಿಲ್ಲ. ಅವನು ತಲೆಯೆತ್ತುವ ಹೊತ್ತಿಗೆ ಗರುಡ ತಲೆಕೆಳಗಾಗಿ ಜಾಲಿ ಪೊದೆಗೆ ಬೀಳುತ್ತಿತ್ತು.

ಬಂದದ್ದು ಗಿಡ್ಡ ಒಂದಲ್ಲ, ಎರಡು. ಹದವೆಲ್ಲ ಅಳಿಸಿಹೋಗಿತ್ತು. ನಿಂತಲ್ಲೇ ಅವನಿಗೆ ಅರ್ಥವಾಯಿತು. ಮುಳ್ಳಿನಿಂದ ಸೆರಗನ್ನು ಬಿಡಿಸುತ್ತಿದ್ದ ಅನಸೂಯಳನ್ನು ನೋಡಲಾಗದೆ ನೆಲ ನೋಡಿದ.

"ಗಾಳಿ ಅಣ್ಣಾ, ಒಂದೇ ಸಲ ತಿರುಗಿಬುಡ್ತು" ಎಂದ ಶಿವರಾಜು. ರೇಣುಕಯ್ಯನೂ ಹೌದೌದು, ಗಾಳಿ ಎಂದ. ಅಂದು ಒಂದು ಎಲೆಯೂ ಅಲುಗಿರಲಿಲ್ಲ.

ಬೈದಿದ್ದರೆ ಓಬಳರಾಜು ತಡೆದುಕೊಳ್ಳುತ್ತಿದ್ದ. ಮುಂದಿನ ಸಲ ಶಿವರಾಜು ಬಂದರೆ ನಿಜ ಹೇಳಿಬಿಡುತ್ತೇನೆ ಎಂದುಕೊಂಡ. ಬಂದವನು ಹೊಸ ಕಂಟ್ರೋಲರನ್ನು ಮೇಜಿನ ಮೇಲಿಟ್ಟು, "ನಿಮ್ಮ ಕೈಯಾಗೇ ಆಗ್ಬೇಕಣ್ಣ" ಎಂದುಬಿಟ್ಟ. ಇನ್ನೊಮ್ಮೆ ಕಿವಿಯಣ್ಣನಾಗುವ ಆಸೆ ಓಬಳರಾಜುವಿನ ಬಾಯಿ ಕಟ್ಟಿತು.

ಅದರ ತಂತಿಗಳನ್ನು ಒಂದು ಮೋಟಾರಿಗೆ ಸೇರಿಸಿದ. ಕಡ್ಡಿ ಮೇಲೆತ್ತಿ, ಸ್ಕ್ರೂಡ್ರೈವರ್ ಕಚ್ಚಿ ಕಣ್ಣು ಮುಚ್ಚಿದ. ಏನೂ ಬರಲಿಲ್ಲ. ಇನ್ನೂ ಗಟ್ಟಿಯಾಗಿ ಕಚ್ಚಿದ. ದವಡೆಯಲ್ಲಿ ತನ್ನದೇ ರಕ್ತ ಬಡಿಯುವುದು ಬಿಟ್ಟರೆ ಏನೂ ಇಲ್ಲ. ಎದುರಿಗೆ ಶಿವರಾಜು ಕಾಯುತ್ತಿದ್ದ. ಅಂದಾಜಿನ ಮೇಲೆ ಕಡ್ಡಿ ಎಳೆದು, "ಉದ್ದ ಒಂದು, ಗಿಡ್ಡ ಒಂದು. ಬಂತು" ಎಂದ.

"ನಂಗೂ ಕೇಳಿಸ್ತಣ್ಣ" ಎಂದ ಶಿವರಾಜು. "ಚೆನ್ನಾಗಿ ಕೂಗ್ತು."

ಮೂಲೆಯಲ್ಲಿ ತಂತಿ ಸುತ್ತುತ್ತಿದ್ದ ಗಂಗಲಕ್ಷ್ಮಿ, "ಊಂ, ಇಲ್ಲೀಗಂಟ ಕೇಳಿಸ್ತು" ಎಂದಳು. ತಲೆ ಮಾತ್ರ ಎತ್ತಲಿಲ್ಲ.

ಓಬಳರಾಜು ಕಣ್ಣು ಬಿಟ್ಟ. ಬ್ಯಾಟರಿ ಟೀ ಲೋಟದ ಪಕ್ಕದಲ್ಲಿತ್ತು. ಗಡಿಬಿಡಿಯಲ್ಲಿ ಅದರ ತಂತಿಯನ್ನು ಸಿಕ್ಕಿಸುವುದೇ ಅವನಿಗೆ ಮರೆತುಹೋಗಿತ್ತು.

ಶಿವರಾಜುವೂ ಗಂಗಲಕ್ಷ್ಮಿಯೂ ಅದನ್ನೇ ನೋಡಿ, ಬೇಗ ಬೇರೆ ಕಡೆ ತಿರುಗಿದರು. ಓಬಳರಾಜು ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು ಅಂಗಿಗೆ ಒರೆಸಿದ. ಕಂಟ್ರೋಲರಿಗೆ ನೀಟಾಗಿ ತಂತಿ ಸುತ್ತಿ ಶಿವರಾಜುವಿನ ಕೈಗಿಟ್ಟ.

"ಸರಿಯಾಗೈತೆ, ತಗಂಡೋಗಪ್ಪ" ಎಂದ.