ಹುಲಿಗೆವ್ವನ ಬಾಕಿ ಊಟ

ಹುಲಿಗೆವ್ವನಿಗೆ ಮನೆಯವರು ಒಂದು ಕೂಲಿ ಇನ್ನೂ ಬಾಕಿ ಇಟ್ಟಿದ್ದಾರೆ: ಕೂಡಿಸಿ ಬಡಿಸಿದ ಊಟ. ಪುಣೆಯ ಧನಕವಡಿಯಲ್ಲಿ ದಿನವಿಡೀ ಕಟ್ಟಡದ ಕೆಲಸಕ್ಕೆ ಉಸುಕು ಹೊತ್ತು ಶೆಡ್ಡಿಗೆ ಬಂದು, ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಮುಂದೆ ನಿಂತೇ ತಿನ್ನುತ್ತಾಳೆ. ಕೂಲಿಯವರ ಮೇಲಿನ ಮುಕಾದಮ ಬೈದ ದಿನ ನಾಲ್ಕು ರೊಟ್ಟಿ ತಿಂದಾಳು, ಗಂಡ ಸಿಟ್ಟಾಗಿ ಮಾತು ಬಿಟ್ಟ ದಿನ ರೊಟ್ಟಿಬುಟ್ಟಿಯೇ ಬರಿದು. ಹೊಗೆಯೊಳಗೆ ಕಣ್ಣು ಅರೆಮುಚ್ಚಿ, ಹೊಳೆಯಲ್ಲಿ ತೇಲುವವಳಂತೆ ಮೈಮರೆತು ಅಗಿಯುತ್ತಾಳೆ. ಹೊಟ್ಟೆ ನೋಯುವವರೆಗೂ ಕೈ ನಿಲ್ಲದು. ಪಕ್ಕದ ಶೆಡ್ಡಿನ ಚನ್ನಬಸವ್ವ ಒಂದು ದಿನ, "ನಿನ್ನ ಸಿಟ್ಟಿಗೆ ಭಾಳ ಹಸಿವು ನೋಡವ್ವ, ಕುಂದ್ರು ಮೊದಲ" ಎಂದು ಎಳೆದು ಕೂಡಿಸಿ ತಾನೇ ಬಡಿಸಿದಳು. ತಿಂದ ಬೈಗುಳವನ್ನೆಲ್ಲ ಹೇಳುತ್ತ ಹೇಳುತ್ತ ಹುಲಿಗೆವ್ವ ಎರಡನೆಯ ರೊಟ್ಟಿ ಮುಗಿಸಿ, ತಾಟಿಗೆ ಕೈ ಅಡ್ಡ ಹಿಡಿದಳು: "ಸಾಕವ್ವ." ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು; ಯಾಕಂದರೆ "ಇನ್ನೊಂದು ಹಾಕ್ಲೇನು?" ಎಂದು ಅಲ್ಲಿಯವರೆಗೆ ಯಾರೂ ಕೇಳಿರಲೇ ಇಲ್ಲ. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವಳು ಯಾರು? ಇವತ್ತು ಅವಳನ್ನು ಮೊದಲು ಕೂಡಿಸಿ, ನೀವು ಬಡಿಸ್ರಿ.