ಆರು ಚುಕ್ಕಿಯ ಕೊರಳು

ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಹಾಕಿಕೊಂಡರೂ ಸಾಲು ಮೇಲಕ್ಕೆ ಏರಿ ಹೋಗುತ್ತದೆ. ಶಾಲೆಯನ್ನು ನಡುವೆಯೇ ಬಿಟ್ಟವಳು ನಾನು, ಬೇಕಾದ ಮಾತು ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಅದಕ್ಕೇ ಒಂದೊಂದು ವಾಕ್ಯವನ್ನೂ ಹೊಡೆದು ಹಾಕಿ ಮತ್ತೆ ಬರೆದಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ದಯವಿಟ್ಟು ಮನ್ನಿಸಿ. ಇದು ನಮ್ಮ ಪಕ್ಕದ ಮನೆಯ ಡಲ್ಸಿ ಪೆಂಗೆಲಿಯ ಕಥೆ. ಬರೆಯಲು ಅವಳೇ ಒಪ್ಪಿದ್ದಾಳೆ. "ನನ್ನ ಹೊಗಳ್ಬೇಡ, ಹಕ್ಕಿ ವಿಷಯದಲ್ಲಿ ಸುಳ್ಳು ಬರೀಬೇಡ" ಅಂದಳು. ಅಷ್ಟೇ.

ಬಯಲುಸೀಮೆಯ ಗಣಿಯೂರು ಬ್ರೋಕನ್ ಹಿಲ್‌ನ ಕೋಬಾಲ್ಟ್ ಬೀದಿಯಲ್ಲಿ ಡಲ್ಸಿಯದು ಕೊನೆಯ ತಗಡಿನ ಮನೆ. ಅವಳ ಗಂಡ ಆಂಬ್ರೋಸ್ ಗಣಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ, ಹಗಲು ಮಲಗುತ್ತಿದ್ದ. ಮನೆಯಲ್ಲಿ ಒಂದು ಚಮಚ ಬಿದ್ದರೂ ಎದ್ದು ಕೂರುತ್ತಿದ್ದ. ಹೊಸದಾಗಿ ಮದುವೆಯಾಗಿ ಬಂದ ಡಲ್ಸಿ ಹಗಲೆಲ್ಲ ಹಿತ್ತಿಲಿನ ಕೊನೆಯಲ್ಲಿ, ಬಟ್ಟೆ ಒಗೆಯುವ ಕೊಟ್ಟಿಗೆಯಲ್ಲಿ ಕೂತಿರುತ್ತಿದ್ದಳು. ಅಲ್ಲಿ ಮಾತಾಡಲು ಯಾರಾದರೂ ಬೇಕಿತ್ತು. ಮದುವೆಗೆ ಮೊದಲು ಆಸ್ಪತ್ರೆಯ ಒಗೆಯುವ ಮನೆಯಲ್ಲಿ ಅವಳ ಜೊತೆಗೆ ಕೆಲಸ ಮಾಡಿದ್ದ ಹೆಂಗಸೊಬ್ಬಳು ಒಂದು ಜೋಡಿ ಬಡ್ಜಿ ಗಿಳಿ ತಂದುಕೊಟ್ಟಳು. ಒಂದು ಹಸಿರು, ಒಂದು ನೀಲಿ. ಆಂಬ್ರೋಸ್ ತೀರಿಕೊಳ್ಳುವ ಹೊತ್ತಿಗೆ ಆ ಕೊಟ್ಟಿಗೆಯ ಗೋಡೆ ತುಂಬ ಗೂಡುಪೆಟ್ಟಿಗೆಗಳಿದ್ದವು. ಹೊರಗೆ ತಂತಿಬಲೆಯ ದೊಡ್ಡ ಪಂಜರ, ಅದರ ತುಂಬ ಬಣ್ಣ.

ಬೆಳಿಗ್ಗೆ ಅವಳು ಕಾಳಿನ ಡಬ್ಬ ಹಿಡಿದು ಒಳಗೆ ಹೋದರೆ ಹಕ್ಕಿಗಳು ಒಮ್ಮೆಗೇ ಎದ್ದು ಒಂದು ಸುತ್ತು ಹಾಕಿ ಕೂರುತ್ತಿದ್ದವು. ಆ ಗಾಳಿ ಅವಳ ಕೆನ್ನೆಗೆ ಬಡಿಯುತ್ತಿತ್ತು. ಕಾಳಿನ ಮೇಲಿನ ಹೊಟ್ಟನ್ನು ಊದಿ ತೆಗೆಯುವಳು, ನೀರಿನ ಬಟ್ಟಲು ಉಜ್ಜುವಳು, ನವಣೆ ತೆನೆಯನ್ನು ತಂತಿಗೆ ಸಿಕ್ಕಿಸುವಳು. ಬಿಸಿಲು ಏರಿದರೆ ಗೋಣಿತಟ್ಟು ನೆನೆಸಿ ತಗಡಿನ ಮೇಲೆ ಹಾಸುವಳು. ತಟ್ಟಿನಿಂದ ತೊಟ್ಟಿಕ್ಕುವ ನೀರಿಗೆ ಹಕ್ಕಿಗಳು ರೆಕ್ಕೆ ಬಿಚ್ಚಿ ತಲೆಕೆಳಗಾಗಿ ನೇತಾಡುತ್ತಿದ್ದವು. ಮರಿಗಳಿಗೆ ಕಣ್ಣು ಬಿಡುವ ಮೊದಲೇ ಕಾಲಿಗೆ ಆ ವರ್ಷದ ಅಂಕಿ ಕೊರೆದ ಸಣ್ಣ ಬಳೆ ತೊಡಿಸುವಳು. ಇಷ್ಟರಲ್ಲೇ ಅವಳ ಬದುಕು ಕಳೆದಿತ್ತು. ಅದು ಸಾಲದು ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವಳ ಕಣ್ಣಿನ ನಡುಭಾಗ ಮಸುಕಾಯಿತು. ನೇರವಾಗಿ ನೋಡಿದರೆ ಹಕ್ಕಿ ಕರಗಿಹೋಗುತ್ತಿತ್ತು, ಅದು ಕೂತ ಕೋಲಿನ ಎರಡು ತುದಿ ಮಾತ್ರ ಉಳಿಯುತ್ತಿತ್ತು. ಕತ್ತು ಓರೆ ಮಾಡಿ ಪಕ್ಕಕ್ಕೆ ನೋಡಿದರೆ ಹಕ್ಕಿ ಮೆಲ್ಲಗೆ ವಾಪಸು ಬರುತ್ತಿತ್ತು, ನೀರಿನ ಕೆಳಗಿನಿಂದ ಎದ್ದು ಬಂದಹಾಗೆ. ಮೊದಮೊದಲು ಅವಳಿಗೆ ಹೆದರಿಕೆಯಾಯಿತು. ಆಮೇಲೆ ಅಭ್ಯಾಸವಾಯಿತು. ಕೆಲವು ಸಂಜೆ ಅದೇ ಚೆಂದ ಕಂಡಿತು. ಒಂದೊಂದು ಹಕ್ಕಿಯಾಗಿ ಬಿಡಿಬಿಡಿಯಾಗಿದ್ದದ್ದು ಈಗ ಒಂದೇ ಬಣ್ಣದ ಹೊಳೆಯಾಗಿ, ಪಂಜರದ ಈ ಮೂಲೆಯಿಂದ ಆ ಮೂಲೆಗೆ ಹರಿಯುತ್ತಿತ್ತು.

ಆದರೆ ಡಾಕ್ಟರನ್ನು ಬಿಟ್ಟು ಯಾರಿಗೂ ಅವಳು ಹೇಳಲಿಲ್ಲ. ಅದಕ್ಕೆ ಕಾರಣ ಹೊರೇಸ್ ಕಿಟ್ಟೋ. ಬಡ್ಜಿ ಸಾಕುವವರ ಸಂಘದಲ್ಲಿ ಅವನೇ ಹಿರಿಯನಾಗಿದ್ದ. ಕಣ್ಣು ಹೋದದ್ದನ್ನು ಮುಚ್ಚಿಟ್ಟುಕೊಂಡು ಹಕ್ಕಿ ಸಾಕಿದ. ನೀರಿನಲ್ಲಿ ಪಾಚಿ ಕಟ್ಟಿತು, ಹುಳ ಹಿಡಿಯಿತು, ಮರಿಗಳು ಸತ್ತವು. ಒಂದು ಭಾನುವಾರ ಸಂಘದವರೆಲ್ಲ ಹೋಗಿ ಉಳಿದ ಹಕ್ಕಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಹಂಚಿಕೊಂಡರು. ಹಕ್ಕಿಗಳ ಒಳ್ಳೆಯದಕ್ಕೇ ಹಾಗೆ ಮಾಡಿದ್ದು. ಡಲ್ಸಿಯೂ ಎರಡು ಪೆಟ್ಟಿಗೆ ಹೊತ್ತಿದ್ದಳು. ಹೊರೇಸ್ ಖಾಲಿ ಪಂಜರದ ಬಾಗಿಲಲ್ಲಿ ನಿಂತು ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಚಳಿಗಾಲ ಬರುವ ಮೊದಲೇ ತೀರಿಕೊಂಡ.

ತನ್ನ ಅಂಗಳಕ್ಕೂ ಅಂಥದೊಂದು ಭಾನುವಾರ ಬರಬಾರದು ಎಂಬುದೊಂದೇ ಡಲ್ಸಿಗೆ ಇದ್ದ ಆಸೆ.

ಸಂಘದ ಕಾರ್ಯದರ್ಶಿ ಸ್ಟೀಪೆ ಮಾರಿಚ್. ಗಣಿಯಿಂದ ನಿವೃತ್ತನಾದವನು, ಆಂಬ್ರೋಸ್‌ನ ಜೊತೆ ಕೆಲಸ ಮಾಡಿದ್ದವನು. ಎರಡು ಬೀದಿ ಆಚೆ ಮನೆ. ದಿನಕ್ಕೊಮ್ಮೆ ಡಲ್ಸಿಯ ಗೇಟಿಗೆ ಒರಗಿ ನಿಂತು ಏನಾದರೂ ಕೆಣಕದಿದ್ದರೆ ಅವನಿಗೆ ಚಹಾ ರುಚಿಸುತ್ತಿರಲಿಲ್ಲ.

"ಏನೇ ಡಲ್ಸಿ, ಕತ್ತು ಓರೆ ಮಾಡ್ಕೊಂಡು ನೋಡ್ತೀಯಲ್ಲ, ನೀನೂ ಬಡ್ಜಿ ಆಗ್ಬಿಟ್ಯಾ?"

"ಆದ್ರೆ ನಿಂಗೇನು ಕಷ್ಟ? ನವಣೆ ನೀನ್ ತಂದುಕೊಡ್ತೀಯಾ?"

"ತಂದುಕೊಡ್ತೀನಿ. ಆದ್ರೆ ಮಾತಾಡೋ ಬಡ್ಜಿ ಬೇಡಪ್ಪ ನಂಗೆ."

"ಹಾಗಿದ್ರೆ ಗೇಟ್ ಬಿಟ್ಟು ಹೋಗು. ತುಕ್ಕು ಹಿಡಿದಿರೋ ಗೇಟು, ನಿನ್ನ ಹೊಟ್ಟೆ ಭಾರ ತಡಿಯಲ್ಲ."

ಸಂಘದ ಶರತ್ಕಾಲದ ಹಕ್ಕಿ ಪ್ರದರ್ಶನ ಹತ್ತಿರ ಬಂತು. ಆ ವರ್ಷ ಡಲ್ಸಿಯ ಬಳಿ ಆಕಾಶನೀಲಿ ಬಣ್ಣದ ಒಂದು ಗಂಡು ಇತ್ತು. ಅಗಲ ತಲೆ, ನೆಟ್ಟಗಿನ ಬೆನ್ನು. ಅಂಥದ್ದು ಅವಳ ಕೊಟ್ಟಿಗೆಯಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ. ಬಡ್ಜಿಯ ಗಲ್ಲದ ಕೆಳಗೆ ತೆಳುಬಣ್ಣದ ಪುಕ್ಕಗಳ ಒಂದು ಮುಸುಕು ಇರುತ್ತದೆ, ಅದರ ಅಂಚಿನಲ್ಲಿ ಕಪ್ಪು ಚುಕ್ಕಿಗಳ ಹಾರ. ಪ್ರದರ್ಶನದಲ್ಲಿ ಆರೇ ಚುಕ್ಕಿ ಇರಬೇಕು, ದುಂಡಗೆ, ಒಂದನ್ನೊಂದು ಮುಟ್ಟದೆ. ಹಕ್ಕಿಗೆ ಈ ಲೆಕ್ಕ ಗೊತ್ತಿಲ್ಲ, ಅದು ತನಗೆ ತೋಚಿದಷ್ಟು ಬೆಳೆಸಿಕೊಳ್ಳುತ್ತದೆ. ಹೆಚ್ಚಾದ ಚುಕ್ಕಿಪುಕ್ಕಗಳನ್ನು ಚಿಮುಟದಿಂದ ಒಂದೊಂದಾಗಿ ಕೀಳುವುದು ಸಾಕುವವರ ಕೆಲಸ. ಕೀಳಬಾರದ್ದನ್ನು ಕಿತ್ತರೆ ಮುಗಿಯಿತು. ಅದು ಮತ್ತೆ ಬೆಳೆಯುವ ಹೊತ್ತಿಗೆ ಪ್ರದರ್ಶನ ಕಳೆದಿರುತ್ತದೆ.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಡಲ್ಸಿ ಹಿತ್ತಿಲ ಬಾಗಿಲ ಬೆಳಕಿನಲ್ಲಿ ಕೂತಳು. ನೀಲಿ ಗಂಡು ಅವಳ ಎಡ ಅಂಗೈಯಲ್ಲಿ ಮಲಗಿತ್ತು. ಅದರ ಎದೆಬಡಿತ ಅವಳ ಬೆರಳಿಗೆ ಸಣ್ಣ ಯಂತ್ರದ ಹಾಗೆ ತಾಗುತ್ತಿತ್ತು. ಅವಳು ಕತ್ತು ಓರೆ ಮಾಡಿದಳು. ಹಕ್ಕಿಯೂ ಕತ್ತು ಓರೆ ಮಾಡಿ ಅವಳನ್ನು ನೋಡಿತು. ಇಬ್ಬರೂ ಹೀಗೆ ಒಬ್ಬರನ್ನೊಬ್ಬರು ಪಕ್ಕದಿಂದ ನೋಡುತ್ತ ತುಂಬ ಹೊತ್ತು ಕಳೆದರು. ಚುಕ್ಕಿಗಳು ಬಿಳಿ ಹಾಲಿನ ಮೇಲೆ ತೇಲುವ ಎಳ್ಳಿನಂತೆ ಬಂದು ಹೋಗುತ್ತಿದ್ದವು. ಬಂದಾಗ ಹಿಡಿದು ಕಿತ್ತಳು. ಕೊನೆಗೆ ಎಣಿಸಿದಳು. ಆರು. ಮತ್ತೊಮ್ಮೆ ಎಣಿಸಿದಳು. ಆಗಲೂ ಆರು. ಅದರಲ್ಲಿ ಒಂದು ಅವಳ ಕಣ್ಣೊಳಗಿನ ಕಪ್ಪು ಎಂಬುದು ಅವಳಿಗೆ ತಿಳಿಯಲಿಲ್ಲ.

ಮರುದಿನ ಸಭಾಂಗಣದಲ್ಲಿ ಸ್ಟೀಪೆ ಒಂದೊಂದೇ ಪಂಜರವನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದ. ಡಲ್ಸಿಯ ಪಂಜರದ ಮುಂದೆ ನಿಂತವನು ಅಲ್ಲೇ ನಿಂತ.

"ನಿನ್ ಹಕ್ಕಿ ಒಂದ್ ಚುಕ್ಕಿ ಮನೇಲೇ ಮರ್ತು ಬಂದಿದೆ ಕಣೇ."

"ಏನಂದೆ?"

"ಐದೇ ಇದೆ. ಎಡಗಡೆ ನಡುವಿಂದು ಇಲ್ಲ."

ಡಲ್ಸಿಯ ಕೈ ಮೇಜಿನ ಅಂಚನ್ನು ಹಿಡಿಯಿತು. "ಪುಕ್ಕ ಉದುರೋ ಕಾಲ ಅಲ್ವಾ. ದಾರೀಲಿ ಉದುರಿರತ್ತೆ."

"ಎರಡ್ ಬೀದಿ ದಾಟಿ ಬರೋ ದಾರೀಲಿ?" ಎಂದು ಸ್ಟೀಪೆ ನಕ್ಕ. ಆದರೆ ಅವಳು ಕತ್ತನ್ನು ಎಡಕ್ಕೆ ವಾಲಿಸಿ, ಪಂಜರವನ್ನು ಬಿಟ್ಟು ಗೋಡೆಯ ಗಡಿಯಾರದ ಕಡೆ ನೋಡುತ್ತ ಚುಕ್ಕಿ ಹುಡುಕುತ್ತಿದ್ದದ್ದನ್ನು ಕಂಡ. ಅವನ ನಗೆ ಅಲ್ಲಿಗೆ ನಿಂತಿತು. ಯಾರಿಗೂ ಏನೂ ಹೇಳದೆ ಮುಂದಿನ ಪಂಜರಕ್ಕೆ ಹೋದ. ಅವನು ಕೆಣಕದೆ ಹೋದದ್ದೇ ಡಲ್ಸಿಗೆ ಹೆಚ್ಚು ಭಯ ಹುಟ್ಟಿಸಿತು.

ಭಾನುವಾರ ಬೆಳಿಗ್ಗೆ ಗೇಟು ಕಿರುಗುಟ್ಟಿತು. ಹೆಜ್ಜೆಯ ಜೊತೆಗೆ ಮರಕ್ಕೆ ಮರ ತಾಗುವ ಟಕಟಕ ಸದ್ದು. ಅದು ಯಾವುದರ ಸದ್ದೆಂದು ಅವಳು ಕೂತಲ್ಲೇ ಗುರುತಿಸಿದಳು.

"ಪೆಟ್ಟಿಗೆ ತಂದಿದ್ದೀಯ."

"ಹೂಂ, ತಂದಿದ್ದೀನಿ," ಎಂದ ಸ್ಟೀಪೆ.

"ಹೊರೇಸ್ ಮನೆಗೆ ತಗೊಂಡ್ಹೋಗಿದ್ವಲ್ಲ, ಅವೇನಾ?"

ಅವನು ಪೆಟ್ಟಿಗೆಗಳನ್ನು ಕೆಳಗಿಟ್ಟ. "ಯಾವಾಗಿಂದ ಹೀಗೆ?"

"ಬೇಸಿಗೆಯಿಂದ. ಅಂಚು ಉಳಿಯತ್ತೆ, ನಡು ಹೋಗತ್ತೆ ಅಂದ್ರು ಡಾಕ್ಟ್ರು."

"ನಂಗ್ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನ್ ಪೆಟ್ಟಿಗೆ ತರ್ತಿದ್ದೆ."

"ಹೇಳ್ದಿದ್ರೂ ತಂದ್ನಲ್ಲ!" ಎಂದು ಅವನು ರೇಗಿದ. ಆಮೇಲೆ ದನಿ ತಗ್ಗಿಸಿದ. "ನಂಗೇನು ಖುಷೀನಾ ಡಲ್ಸಿ? ಹೊರೇಸ್ ಮರಿಗಳು ಹೇಗೆ ಬಿದ್ದಿದ್ವು ಅಂತ ನೀನೂ ನೋಡಿದ್ದೀಯ."

"ನೋಡಿದ್ದೀನಿ. ಅದಕ್ಕೇ ಹೇಳ್ತಿರೋದು, ಕೊಟ್ಟಿಗೆಗೆ ಬಾ. ಒಂದೊಂದು ಗೂಡೂ ನೋಡು. ಹಕ್ಕಿಗೆ ನನ್ನಿಂದ ಕಷ್ಟ ಆಗ್ತಿದ್ರೆ ಎಲ್ಲಾನೂ ಒಯ್ಯಿ. ನಾನು ಬಾಗಿಲಲ್ಲಿ ನಿಂತು ಥ್ಯಾಂಕ್ಸ್ ಅಂತೀನಿ."

ಕೊಟ್ಟಿಗೆಯ ಒಳಗೆ ಅರೆಗತ್ತಲು, ಮರದ ಹೊಟ್ಟಿನ ವಾಸನೆ. ಗೋಡೆ ತುಂಬ ಚಿಲಿಪಿಲಿ. ಡಲ್ಸಿ ಮೊದಲ ಗೂಡಿಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ನಿಂತು, ಮುಂದೆ ಸರಿದಳು. ಎರಡನೆಯದಕ್ಕೂ ಹಾಗೆಯೇ. ಅದರಾಚೆಯ ಗೂಡಿನ ಹತ್ತಿರ ನಿಂತು ಹುಬ್ಬು ಗಂಟಿಕ್ಕಿದಳು. ಮುಚ್ಚಳ ತೆಗೆದು ಕಣ್ಣು ಮುಚ್ಚಿಕೊಂಡೇ ಕೈಯಿಟ್ಟಳು. ಪುಕ್ಕ ಬಾರದ ಮರಿಗಳು ಬಿಸಿಬಿಸಿಯಾಗಿ ಒಂದರ ಮೇಲೊಂದು ಬಿದ್ದಿದ್ದವು. ಉಂಡ ಮರಿಯ ಕೊರಳ ಚೀಲ ನಾದಿದ ಹಿಟ್ಟಿನಂತೆ ಮೆತ್ತಗೆ ಉಬ್ಬಿರುತ್ತದೆ, ಒಳಗೆ ಕಾಳು ಬೆರಳಿಗೆ ಸಿಗುತ್ತದೆ. ಅವಳ ಬೆರಳು ಒಂದೊಂದನ್ನೇ ಮುಟ್ಟುತ್ತ ಹೋಗಿ, ಎಲ್ಲಕ್ಕಿಂತ ಚಿಕ್ಕದರ ಮೇಲೆ ನಿಂತಿತು.

"ಇದಕ್ಕೆ ತಾಯಿ ಉಣಿಸ್ತಿಲ್ಲ. ಕೂಗೂ ಸಣ್ಣದಾಗಿದೆ."

ಸ್ಟೀಪೆ ಟಾರ್ಚು ಹಾಕಿ ನೋಡಿದ. ಮರಿಯ ಕೊರಳ ಚರ್ಮ ಒಣಗಿದ ಎಲೆಯಂತೆ ಚಪ್ಪಟೆಯಾಗಿತ್ತು. "ಹೌದಲ್ಲೇ," ಎಂದ.

ಅವಳು ಮರಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಅಲ್ಲಿನ ವಾಸನೆ ಹತ್ತಲೆಂದು ಪಕ್ಕದ ಗೂಡಿನ ಹೊಟ್ಟಿನಲ್ಲಿ ಮೆಲ್ಲಗೆ ಹೊರಳಿಸಿ, ಆ ಗೂಡಿನ ಮರಿಗಳ ನಡುವೆ ಸೇರಿಸಿದಳು. ಇಬ್ಬರೂ ಗೂಡಿನಿಂದ ದೂರ ಸರಿದು ಕಿವಿಗೊಟ್ಟು ನಿಂತರು. ಆ ಗೂಡಿನ ತಾಯಿ ತೂತಿನೊಳಗೆ ನುಸುಳಿತು. ಒಳಗೆ ಗದ್ದಲ. ಆಮೇಲೆ ಉಣಿಸುವಾಗಿನ ಆ ಸಣ್ಣ, ಲಯದ ಸದ್ದು. ಚಹಾ ಕುಡಿದು ಬಂದು ಮುಟ್ಟಿದಾಗ ಮರಿಯ ಕೊರಳಲ್ಲಿ ಕಡಲೆ ಗಾತ್ರದ ಉಬ್ಬು ಇತ್ತು.

ಸ್ಟೀಪೆ ಅಷ್ಟಕ್ಕೆ ಬಿಡಲಿಲ್ಲ. ಹೊರಗಿನ ಪಂಜರದಲ್ಲಿ ಹಕ್ಕಿಗಳನ್ನು ಒಂದೊಂದಾಗಿ ಹಿಡಿದು ನೋಡಿದ. ಒಂದು ಹಳದಿ ಹೆಣ್ಣನ್ನು ತಂದು ಅವಳ ಕೈಗಿಟ್ಟ.

"ಕೊಕ್ಕಿನ ಮೂಲೆ ಮುಟ್ಟು."

ಅವಳು ಮುಟ್ಟಿದಳು. ಬೆರಳಿಗೆ ಒರಟಾದ ಹುರುಕು ಸಿಕ್ಕಿತು. ಹುಳ ಹಿಡಿದು ಬಹಳ ದಿನವಾಗಿತ್ತು.

"ಇದು ನಿಂಗೆ ಕಂಡಿಲ್ಲ," ಎಂದ ಸ್ಟೀಪೆ.

"ಇಲ್ಲ. ಕಂಡಿಲ್ಲ."

ಅವಳು ಹಳದಿ ಹೆಣ್ಣನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕೂತಳು. ಸ್ಟೀಪೆ ಒಳಗಿನಿಂದ ಎಣ್ಣೆ ತಂದು ಹುರುಕಿಗೆ ಹಚ್ಚಿದ.

ಕೊನೆಗೆ ಡಲ್ಸಿಯೇ ಅಂದಳು. "ಹೊರಗಿನ ಪಂಜರದ್ದೆಲ್ಲ ನೀನ್ ಒಯ್ಯಿ. ಅಷ್ಟೊಂದು ಹಕ್ಕಿ ದಿನಾ ಹಿಡಿದು ಮುಟ್ಟಿ ನೋಡೋಕಾಗಲ್ಲ ನಂಗೆ. ಗೂಡಲ್ಲಿರೋ ಜೋಡಿಗಳು ನಂದು. ಅವು ಇರ್ಲಿ."

"ನೀಲಿ ಗಂಡು?"

"ಅದನ್ನೂ. ಚುಕ್ಕಿ ಬೆಳೆದ್ಮೇಲೆ ನೀನೇ ಪ್ರದರ್ಶನಕ್ಕೆ ಹಾಕು. ನಿನ್ ಹೆಸ್ರಲ್ಲೇ."

"ನಿನ್ ಹೆಸ್ರಲ್ಲೇ ಹಾಕ್ತೀನಿ."

"ಬೇಡ. ಆರು ಎಣಿಸೋಕೆ ಬರೋರ ಹೆಸ್ರಲ್ಲಿ ಇರ್ಲಿ."

"ಜೋಡಿಗಳದ್ದು ಕೊಕ್ಕು ಕಾಲು ಯಾರಾದ್ರೂ ವಾರಕ್ಕೊಂದ್ಸಲ ನೋಡ್ಬೇಕು ಕಣೇ. ನಾನೇ ಬರ್ತೀನಿ."

"ನೀನ್ ಬೇಡ. ನೀನು ನನ್ ಮೇಲೆ ಕನಿಕರಪಟ್ಟು ಎಲ್ಲಾ ಸರಿಯಾಗಿದೆ ಅಂತೀಯ. ಪಕ್ಕದ್ಮನೆ ಹುಡ್ಗಿ ಇದ್ದಾಳೆ. ಮಾತು ಕಮ್ಮಿ, ಸುಳ್ಳು ಹೇಳೋಕೆ ಬರಲ್ಲ."

ಸ್ಟೀಪೆ ಹಕ್ಕಿಗಳನ್ನು ಪೆಟ್ಟಿಗೆಗಳಿಗೆ ತುಂಬಿದ. ನೀಲಿ ಗಂಡನ್ನು ಮಾತ್ರ ಅವಳೇ ಹಿಡಿದು ಒಳಗೆ ಬಿಟ್ಟಳು. ಗೇಟಿನ ಹತ್ತಿರ ಅವನು ಮೂಗು ಒರೆಸಿಕೊಂಡ ಸದ್ದು ಅವಳಿಗೆ ಕೇಳಿಸಿತು. ಕೇಳಿಸದವಳಂತೆ ಇದ್ದಳು.

ಆ ಸಂಜೆ ಖಾಲಿ ಪಂಜರದೊಳಗೆ ಅವಳು ಕುರ್ಚಿ ಹಾಕಿಕೊಂಡು ಕೂತಳು. ಬಾಗಿಲು ತೆರೆದೇ ಇತ್ತು. ಗಣಿಯ ಕಪ್ಪು ದಿಬ್ಬದ ಹಿಂದೆ ಸೂರ್ಯ ಇಳಿಯುತ್ತಿದ್ದ. ಆಗ ಬಯಲಿನ ಕಡೆಯಿಂದ ಕಾಡು ಬಡ್ಜಿಗಳ ಹಿಂಡು ಬಂತು. ಮೊದಲು ದೂರದ ಮಳೆಯಂತೆ ಕೇಳಿ, ಆಮೇಲೆ ತಲೆಯ ಮೇಲೆಯೇ ಕೇಳಿತು. ಅವಳು ಮುಖವೆತ್ತಿದಳು. ನಡುವೆ ಮಸುಕು, ಅದರ ಸುತ್ತ ಹಸಿರು. ಹಸಿರು ಹೊರಳಿ ಹಳದಿಯಾಯಿತು, ಹಳದಿ ಹೊರಳಿ ಮತ್ತೆ ಹಸಿರಾಯಿತು. ಅವಳು ಕತ್ತು ಓರೆ ಮಾಡಲಿಲ್ಲ. ಬೆನ್ನ ಹಿಂದೆ ಕೊಟ್ಟಿಗೆಯ ಗೂಡುಗಳಿಂದ ತಾಯಿಹಕ್ಕಿಗಳು ಕೂಗಿ ಉತ್ತರ ಕೊಟ್ಟವು. ಆ ಕೂಗುಗಳ ನಡುವೆ ಬೆಳಿಗ್ಗೆ ಗೂಡು ಬದಲಾಯಿಸಿದ ಸಣ್ಣ ಮರಿಯ ಕೂಗೂ ಇತ್ತು, ಹೊಟ್ಟೆ ತುಂಬಿದ ಮರಿಯ ದಪ್ಪ ಕೂಗು. ಹಿಂಡು ದಾಟಿ ಹೋಗುವವರೆಗೆ ಅವಳು ಅದನ್ನೊಂದನ್ನೇ ಕೇಳುತ್ತ ಕೂತಿದ್ದಳು.

ನಾಳೆ ಶನಿವಾರ. ಬೆಳಿಗ್ಗೆ ನಾನು ಡಲ್ಸಿಯ ಕೊಟ್ಟಿಗೆಗೆ ಹೋಗಿ ಪ್ರತಿ ಹಕ್ಕಿಯ ಕೊಕ್ಕು, ಕಾಲು ನೋಡುತ್ತೇನೆ. ಏನು ಕಾಣುತ್ತದೋ ಅದನ್ನೇ ಅವಳಿಗೆ ಹೇಳುತ್ತೇನೆ.