ಟೈರಿನ ಒಳಮೈ ಬಲ್ಲ ಶಿದ್ರಾಮಣ್ಣ

ಬೆಳಗಿನ ಆರು ಗಂಟೆ. ಅರಭಾವಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗಿರುವ ತಗಡಿನ ಶೆಡ್ಡಿನಲ್ಲಿ ಶಿದ್ರಾಮ ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ. ಜಪವಲ್ಲ, ಕೆಲಸ. ತೊಡೆಯ ಮೇಲೆ ಮೋಟಾರ್ ಸೈಕಲ್ಲಿನ ಹಿಂದಿನ ಟೈರು. ಅದರೊಳಗೆ ಬಲಗೈ ಹಾಕಿ ಬೆರಳ ತುದಿಯಿಂದ ಸವರುತ್ತಾ ಸುತ್ತು ಬರುತ್ತಿದ್ದಾರೆ. ಟೈರಿನ ಒಡೆಯ ಮಹೇಶನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೂಡಲಗಿ ಕಡೆಯ ಹಳ್ಳಿಯ ಈ ರೈತ, ಪಕ್ಕದ ಬೆಂಚಿನ ಮೇಲೆ ಕೂತಿರುವ ತಾಯಿ ಮುದಕವ್ವನನ್ನು ಎಂಟು ಗಂಟೆಯೊಳಗೆ ಗೋಕಾಕದ ಆಸ್ಪತ್ರೆಗೆ ಮುಟ್ಟಿಸಬೇಕು. ವಾರಕ್ಕೆರಡು ಸಲ ಆಕೆಗೆ ಡಯಾಲಿಸಿಸ್. ಹೊತ್ತು ತಪ್ಪಿದರೆ ಆಕೆಯ ಸರದಿ ಇನ್ನೊಬ್ಬರಿಗೆ ಹೋಗುತ್ತದೆ.

"ಮುಳ್ಳು ಸಿಕ್ಕಿತಲ್ರಿ ಕಾಕಾ, ಲಗೂನ ಪ್ಯಾಚ್ ಹಚ್ಚಿ ಕೊಡ್ರಿ" ಎನ್ನುತ್ತಾನೆ ಮಹೇಶ.

ಸಿಕ್ಕಿರುವುದು ಜಾಲಿ ಮುಳ್ಳು, ಹತ್ತು ನಿಮಿಷದ ಕೆಲಸ. ಆದರೆ ಶಿದ್ರಾಮರ ಬೆರಳು ಟೈರಿನ ಮಗ್ಗುಲಲ್ಲಿ ಬೇರೆಲ್ಲೋ ನಿಂತಿದೆ.

"ಮುಳ್ಳಿಂದೇನ ಚಿಂತಿಲ್ಲ ತಮ್ಮಾ. ಮಗ್ಗಲದಾಗ ರಬ್ಬರಿನೊಳಗಿನ ದಾರ ಹರದಾವು. ಈ ಟೈರ್ ಮುಗದೈತಿ."

"ನಿನ್ನಿ ಮಟಾ ಛಲೋ ಓಡೇತ್ರಿ."

"ನಿನ್ನಿ ಓಡೇತಿ. ಇವತ್ತ ಹಿಂದ ಅವ್ವ ಕುಂದ್ರತಾಳ."

ಟೈರು ಸೀಳಿದರೆ ಒಳಗೆ ಹಳೇ ಟೈರಿನ ತುಂಡೊಂದನ್ನು ಇಟ್ಟು ಓಡಿಸುವುದು ಎಲ್ಲ ಕಡೆ ಇರುವ ರೂಢಿ. ಮಹೇಶನೂ ಅದನ್ನೇ ಕೇಳುತ್ತಾನೆ. ಶಿದ್ರಾಮ ತಲೆ ಅಲ್ಲಾಡಿಸುತ್ತಾರೆ. ಮುಂದಿನ ಅಂಗಡಿಯಲ್ಲಿ ಹಾಕಿಸಿಕೊಳ್ಳುತ್ತೇನೆ ಎಂದು ಮಹೇಶ ರೇಗುತ್ತಾನೆ. ಅದು ಬರೀ ಬೆದರಿಕೆಯಲ್ಲ, ಮುಂದಿನ ಅಂಗಡಿಯವರು ನಗುನಗುತ್ತಲೇ ಹಾಕಿಕೊಡುತ್ತಾರೆ. ಬಂದ ಗಿರಾಕಿಯನ್ನು ಹೀಗೆ ಕೈಯಾರೆ ಕಳೆದುಕೊಳ್ಳುವ ಇನ್ನೊಬ್ಬ ಅಂಗಡಿಕಾರನನ್ನು ನಾನಂತೂ ಕಂಡಿಲ್ಲ.

ಶಿದ್ರಾಮರಿಗೆ ಈಗ ಐವತ್ತೆರಡು. ಕುರಿ ಕಾಯುವ ಮನೆತನ. ಮೂಡಲಗಿ ಸೀಮೆಯಿಂದ ಹಿಂಡು ಹೊಡೆದುಕೊಂಡು ತಂದೆಯ ಜೊತೆ ಊರೂರು ನಡೆದ ಹುಡುಗ, ಕುಂಟುವ ಕುರಿಯ ಗೊರಸು ಹಿಡಿದು ಮುಳ್ಳು ಹುಡುಕುವುದನ್ನು ಕಲಿತದ್ದು ಆಗಲೇ. ಹಿಂಡು ಮಾರಿದ ಮೇಲೆ ಹತ್ತರಗಿಯ ಹೆದ್ದಾರಿ ಬದಿಯಲ್ಲಿ ಲಾರಿ ಟೈರು ಬಿಚ್ಚುವ ಕೆಲಸಕ್ಕೆ ಸೇರಿದರು. ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ. "ಕುರಿನೂ ಮಾತಾಡಾಂಗಿಲ್ಲ, ಟೈರೂ ಮಾತಾಡಾಂಗಿಲ್ಲ. ಕಣ್ಣಿಗಿಂತ ಕೈಗೆ ಛಲೋ ತಿಳಿತೈತ್ರಿ" ಎನ್ನುತ್ತಾರೆ. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಬರುವುದು ಟೈರಿನ ಕಡೆ ಮುಖ ಮಾಡಿಕೊಂಡೇ. ಸಂದರ್ಶನ ನನ್ನದೋ ಟೈರಿನದೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತದೆ.

ದಿನಕ್ಕೆ ಹತ್ತು ಹನ್ನೆರಡು ಪಂಚರ್. ಕಬ್ಬಿನ ಹಂಗಾಮಿನಲ್ಲಿ ಇಪ್ಪತ್ತು ದಾಟುವುದೂ ಉಂಟು. ತೋಟಗಾರಿಕೆ ಕಾಲೇಜಿನ ಹುಡುಗರು, ಹಾಲಿನವರು, ಸಂತೆಗೆ ಹೋಗುವವರು, ಎಲ್ಲರಿಗೂ ಅವಸರ. ಇಷ್ಟು ಜನರಲ್ಲಿ ದಿನಕ್ಕೆ ಒಬ್ಬರಿಗೋ ಇಬ್ಬರಿಗೋ 'ಇದು ಆಗಂಗಿಲ್ಲ' ಎನ್ನಬೇಕಾಗುತ್ತದೆ. ಬೈಗುಳ ಬೀಳುವುದು ಆಗಲೇ.

ಮೊದಲು ಇವರೂ ತುಂಡು ಹಾಕುತ್ತಿದ್ದರಂತೆ. ಹದಿನಾಲ್ಕು ವರ್ಷದ ಹಿಂದೆ ಹೆಂಡತಿಯ ತಮ್ಮ ಶೆಟ್ಟೆಪ್ಪ ಇಂಥದ್ದೇ ಟೈರು ತಂದು ಹಟ ಹಿಡಿದ. ಮನೆಯವನೆಂದು ಇವರು ಹಾಕಿಕೊಟ್ಟರು. ಅದು ಹುಕ್ಕೇರಿ ದಾರಿಯಲ್ಲಿ ಸಿಡಿಯಿತು. ಶೆಟ್ಟೆಪ್ಪನ ಕಾಲು ಇವತ್ತಿಗೂ ನೆಟ್ಟಗಿಲ್ಲ. "ಅಂವ ಹಬ್ಬಕ್ಕ ಬರತಾನ, ನಮ್ಮ ಮನ್ಯಾಗ ಉಣ್ಣತಾನ. ಇಲ್ಲಿ ಮಟಾ ಒಂದ ಮಾತ ಅಂದಿಲ್ರಿ. ಅಂದಿದ್ರ ಹಗುರ ಆಗತಿತ್ತು" ಎನ್ನುತ್ತಾರೆ ಶಿದ್ರಾಮ.

ಈ ಕತೆಯನ್ನು ಅವರು ಗಿರಾಕಿಗಳಿಗೆ ಹೇಳುವುದಿಲ್ಲ. ಮಾಡುವುದು ಒಂದೇ: ಗಿರಾಕಿಯ ಕೈಯನ್ನೇ ಟೈರಿನೊಳಗೆ ಹಾಕಿಸುತ್ತಾರೆ. ಮಹೇಶ ಸಿಟ್ಟಿನಲ್ಲಿ ಮುಖ ತಿರುಗಿಸಿಕೊಂಡದ್ದರಿಂದ ಇವತ್ತು ಟೈರು ಬೆಂಚಿನ ಮೇಲೆ ಕೂತ ಮುದಕವ್ವನ ಮುಂದೆ ಹೋಗುತ್ತದೆ.

"ಅಕ್ಕಾರ, ನೀವ ನೋಡಿ ಹೇಳ್ರಿ."

ಮುದಕವ್ವ ಮೊದಲು ನಗುತ್ತಾರೆ. "ನನಗೇನ ತಿಳಿತೈತೊ ಯಪ್ಪಾ, ಕೌದಿ ಹೊಲಿಯಾಕಿ ನಾ." ಆದರೂ ಕೈ ಹಾಕುತ್ತಾರೆ. ನಲವತ್ತು ವರ್ಷ ಹಳೇ ಸೀರೆ, ಧೋತರ ಜೋಡಿಸಿ ಕೌದಿ ಹೊಲಿದ ಬೆರಳುಗಳು ಮಗ್ಗುಲಿಗೆ ಬಂದದ್ದೇ ಅಲ್ಲೇ ನಿಲ್ಲುತ್ತವೆ. ಒತ್ತಿ ನೋಡುತ್ತಾರೆ, ಉಗುರಿನಿಂದ ಕೆದರಿ ನೋಡುತ್ತಾರೆ.

"ಮಹೇಶಾ, ಇದು ಜೀರ್ಣ ಆಗೇತೊ. ತುಂಡ ಹಚ್ಚಿದ್ರ ಹಚ್ಚಿದ್ದು ಗಟ್ಟಿ ನಿಂದ್ರತೈತಿ, ಬಾಜೂಕಿನ ಹಳೇ ಅರಬಿ ಹರಿತೈತಿ. ಇಂಥಾದ್ದಕ್ಕ ನಾ ಸೂಜಿ ಹಾಕಾಂಗಿಲ್ಲ."

ಇಪ್ಪತ್ತಾರು ವರ್ಷದಲ್ಲಿ ತನಗೆ ಇಷ್ಟು ಸರಳವಾಗಿ ಹೇಳಲು ಬಂದಿಲ್ಲವಲ್ಲ ಎಂದು ಶಿದ್ರಾಮ ಆಕೆಯನ್ನೇ ನೋಡುತ್ತಾರೆ. ಮಹೇಶನ ಸಿಟ್ಟು ಇಳಿದು ಚಿಂತೆ ಶುರುವಾಗುತ್ತದೆ. ಹೋಗುವಾಗ ಬಸ್ಸಾದೀತು, ರಕ್ತ ಶುದ್ಧಿ ಮಾಡಿಸಿಕೊಂಡು ಬರುವಾಗ ತಲೆಸುತ್ತು, ತುಂಬಿದ ಬಸ್ಸಿನಲ್ಲಿ ಆಕೆ ನಿಲ್ಲಲಾರಳು. ಅದಕ್ಕೇ ಅವನಿಗೆ ಗಾಡಿ ಬೇಕು.

"ಆಸ್ಪತ್ರ್ಯಾಗ ನಾಕ ತಾಸ ಹಿಡಿತೈತಲ್ಲ? ಅಷ್ಟರಾಗ ಹೊಸಾ ಟೈರ್ ತಗೊಂಡ ಬಾ. ಕರಕೊಂಡ ಬರೂದರಾಗ ಗಾಡಿ ನಿಂದು" ಎನ್ನುತ್ತಾರೆ ಶಿದ್ರಾಮ. ಆಮೇಲೆ ಕೈ ಒರೆಸಿಕೊಂಡು ರಸ್ತೆಗಿಳಿದು, ಬಂದ ಬಸ್ಸಿಗೆ ಅಡ್ಡ ನಿಂತು, ಕಂಡಕ್ಟರ್‌ಗೆ ಹೇಳಿ, ಮಗನ ಜೊತೆ ಹತ್ತಿದ ಮುದಕವ್ವನಿಗೆ ಮುಂದಿನ ಸೀಟು ಕೊಡಿಸುತ್ತಾರೆ.

ಆಕೆ ಎಂಟಕ್ಕೆ ಮೊದಲೇ ಆಸ್ಪತ್ರೆ ಮುಟ್ಟಿದ ಸುದ್ದಿ ಫೋನಿನಲ್ಲಿ ಬರುತ್ತದೆ. ಗೋಕಾಕದ ಅಂಗಡಿಗಳ ಬಾಗಿಲು ತೆರೆದ ಮೇಲೆ ಮಹೇಶ ಹೊಸ ಟೈರು ಹೆಗಲಿಗೆ ಹಾಕಿಕೊಂಡು ಬಸ್ಸಿಳಿಯುತ್ತಾನೆ. ಸರದಿಯಲ್ಲಿದ್ದ ಕಾಲೇಜಿನ ಹುಡುಗನನ್ನು ಕಾಯಿಸಿ ಶಿದ್ರಾಮ ಇವನ ಚಕ್ರ ಮುಗಿಸಿ, ತಾಯಿಯನ್ನು ಕರೆತರಲು ಗಾಡಿಯ ಮೇಲೆ ಕಳಿಸುತ್ತಾರೆ. ಆ ಹುಡುಗ ಬೈದುಕೊಂಡದ್ದು ನನಗೂ ಕೇಳಿಸುತ್ತದೆ.

ಮಧ್ಯಾಹ್ನ ಒಂದೂವರೆಗೆ ಗೋಕಾಕದ ಕಡೆಯಿಂದ ಮಹೇಶನ ಗಾಡಿ ಬರುತ್ತದೆ. ಹಿಂದೆ ಮಗನ ಬೆನ್ನಿಗೆ ತಲೆಯಾನಿಸಿ, ಸೆರಗು ಹೊದ್ದು ಮುದಕವ್ವ ಕೂತಿದ್ದಾರೆ. ನಿಲ್ಲಿಸಿ ಒಂದು ಮಾತಾದರೂ ಆಡಿಯಾರು ಎಂದುಕೊಂಡು ನಾನು ಎದ್ದು ನಿಲ್ಲುತ್ತೇನೆ. ಗಾಡಿ ಮೆಲ್ಲಗೆ ನಮ್ಮನ್ನು ದಾಟಿ ಮೂಡಲಗಿ ಕಡೆ ಹೋಗಿಬಿಡುತ್ತದೆ. ನಿಲ್ಲಬಹುದಿತ್ತಲ್ಲ ಎಂದು ನಾನೇ ಗೊಣಗುತ್ತೇನೆ.

ಶಿದ್ರಾಮ ಮೊದಲ ಬಾರಿಗೆ ಟೈರು ಬಿಟ್ಟು ನನ್ನ ಮುಖ ನೋಡುತ್ತಾರೆ.

"ಯಾಕ ನಿಂದ್ರಬೇಕ್ರಿ ಸರ? ಪಂಚರ್ ಅಂಗಡಿ ಮುಂದ ನಿಂದ್ರಲಾರದ ಮನಿ ಮುಟ್ಟಿದ್ರಂದ್ರ, ನನ್ನ ಕೆಲಸ ಛಲೋ ಆಗೇತಿ ಅಂತ."